ಎರಡು ವೇಳೆಯ ಮಾತ್ರೆ

ಆ ಸಂಬಂಧ ಕೂಡಿಬರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರೂ ಅದಕ್ಕಾಗಿ ಕಾದು ಕೂರುವುದು ಬೇಡ. ಹುಡುಗನ ಕಡೆಯವರು ಹತ್ತು ದಿನ ಬಿಟ್ಟು ಫೋನ್ ಮಾಡಿ, ಜಾತಕ ಇನ್ನೊಂದು ಸಲ ತೋರಿಸಿದೆವು, ಸರಿಬರಲಿಲ್ಲ ಅಂದರು. ಅಷ್ಟು ಮರ್ಯಾದೆಯಾಗಿ ಹೇಳಿದರಲ್ಲ, ಅದೇ ದೊಡ್ಡದು. ನನ್ನನ್ನು ಇವತ್ತಿಗೂ ತಿನ್ನುತ್ತಿರುವುದು ಆ ಭಾನುವಾರ, ಸೇಲಮ್ಮಿನ ಆ ವಿಯೆಟ್ನಾಂ ಹೋಟೆಲಿನಲ್ಲಿ, ನಾನು ನನ್ನ ತಂಗಿಗೆ ಮಾಡಿದ್ದು.

ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ತಂಗಿ. ಒಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ತಾತನಿಗೆ ಎಡಪ್ಪಾಡಿಯಲ್ಲಿ ಮಗ್ಗ ಇತ್ತು. ಅಪ್ಪ ನೌಕರಿ ಹಿಡಿದು ಸೇಲಮ್ಮಿಗೆ ಬಂದರು, ಇಲ್ಲೇ ತೀರಿಕೊಂಡರು. ನಾನು ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂರುವವನು. ದಿನವಿಡೀ ಗಾಜಿನ ಹಿಂದೆ ಕೂತು ಜನರ ಮೇಲೆ ರೇಗಿ ರೇಗಿ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತದೆ ಎಂದು ತಂಗಿ ಆಡಿಕೊಳ್ಳುತ್ತಾಳೆ. ಅವಳು ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್.

ಅವಳಿಗೆ ಹದಿನಾಲ್ಕನೇ ವಯಸ್ಸಿನಿಂದ ಫಿಟ್ಸ್ ಇದೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ. ಅಪ್ಪ ಇದ್ದಾಗ ಅವರು ಕೊಡುತ್ತಿದ್ದರು, ಅವರು ಹೋದ ಮೇಲೆ ನಾನು. ಅವಳೇನು ಎಳೆಮಗುವಲ್ಲ, ತಾನೇ ತೆಗೆದುಕೊಳ್ಳಬಹುದು. ಆದರೂ ಅದು ಹಾಗೇ ನಡೆದುಕೊಂಡು ಬಂತು. ನಾನು ಅವಳ ಅಂಗೈ ಮೇಲೆ ಇಡಬೇಕು, ಅವಳು ನುಂಗಬೇಕು. ಹಾಗೆ ಮೂರು ವರ್ಷ ಒಂದು ಸಲವೂ ಬಂದಿರಲಿಲ್ಲ. ಇನ್ನಾರು ತಿಂಗಳು ಹೀಗೇ ಹೋದರೆ ನಿಧಾನವಾಗಿ ಕಡಿಮೆ ಮಾಡುತ್ತಾ ಬರೋಣ ಎಂದು ಡಾಕ್ಟರು ಹೇಳಿದ್ದರು. ಅವತ್ತು ಆಸ್ಪತ್ರೆಯಿಂದ ಬಸ್ ಸ್ಟಾಪಿನವರೆಗೂ ಅವಳು ಒಂದೇ ಸಮನೆ ಮಾತಾಡಿದಳು. ಮಾತ್ರೆ ನಿಂತ ಮೇಲೆ ಸ್ಕೂಟಿ ಕಲಿಯುತ್ತಾಳಂತೆ, ಏರ್ಕಾಡು ಬೆಟ್ಟಕ್ಕೆ ಒಬ್ಬಳೇ ಹೋಗಿ ಬರುತ್ತಾಳಂತೆ. ನಾನು ಸುಮ್ಮನೆ ನಡಿ ಎಂದು ಗದರಿದ್ದೆ, ಒಳಗೊಳಗೆ ಖುಷಿಯಾಗಿತ್ತು.

ಈ ನಡುವೆ ಅವಳಿಗೆ ಮೂವತ್ತೊಂದು ತುಂಬಿತ್ತು. ಬಂದ ಸಂಬಂಧವೆಲ್ಲ ಬೀದಿಯ ತಿರುವಿನಲ್ಲೇ ಮುರಿದು ಬೀಳುತ್ತಿತ್ತು. ಮನೆಗೆ ಹೆಣ್ಣು ನೋಡಲು ಬರುವವರು ಮೊದಲು ಕಿರಾಣಿ ಅಂಗಡಿಯಲ್ಲಿ ನಿಂತು ನಮ್ಮ ಮನೆ ಎಲ್ಲಿ ಎಂದು ಕೇಳುತ್ತಾರೆ, ಅಂಗಡಿಯವನು ದಾರಿಯ ಜೊತೆಗೆ ಕಾಯಿಲೆಯನ್ನೂ ಹೇಳಿ ಕಳಿಸುತ್ತಾನೆ. ಹಾಳಾದವನು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನನಗೆ ಮೂವತ್ತಾರು. ತಂಗಿ ಮನೆಯಲ್ಲಿರುವಾಗ ಅಣ್ಣನಿಗೆ ಹೆಣ್ಣು ಕೊಡಲು ನಮ್ಮವರು ಯಾರೂ ಮುಂದೆ ಬರುವುದಿಲ್ಲ. ಅವಳ ಮದುವೆ ಆಗಲಿ ಎಂದು ನಾನು ಪರದಾಡಿದ್ದರಲ್ಲಿ ನನ್ನ ಪಾಲೂ ಇತ್ತು.

ಆಗ ಬಂತು ಈ ಸಂಬಂಧ. ಪಾಲಕೋಡಿನ ಕಡೆಯವರು, ಕನ್ನಡ ಮಾತಾಡುವ ಜನವೇ. ಹುಡುಗ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಿಲ್ಲುಗಳಿಗೆ ಮೆಷಿನ್ ಹಾಕಿಕೊಡುವ ಕಂಪನಿಯಲ್ಲಿದ್ದ. ಮರಗೆಣಸಿನ ಹಿಟ್ಟಿನ ಕಾರ್ಖಾನೆ ಕೆಲಸಕ್ಕೆಂದು ಅವನನ್ನು ಒಂದು ವರ್ಷ ವಿಯೆಟ್ನಾಮಿಗೆ ಕಳಿಸಿದ್ದರು. ಮನೆಗೆ ಬರುವುದು ಬೇಡ, ಸೇಲಮ್ಮಿನಲ್ಲಿ ಹೊಸದಾಗಿ ವಿಯೆಟ್ನಾಂ ಹೋಟೆಲ್ ಆಗಿದೆಯಲ್ಲ, ಅಲ್ಲೇ ಎರಡು ಕಡೆಯವರೂ ಊಟ ಮಾಡುತ್ತಾ ನೋಡಿಕೊಳ್ಳೋಣ ಎಂದು ಅವನೇ ಹೇಳಿಕಳಿಸಿದ. ಈಗ ಎಲ್ಲ ಕಡೆ ಹೀಗೇ. ದೇವಸ್ಥಾನದಲ್ಲೋ ಹೋಟೆಲಿನಲ್ಲೋ ನೋಡಿಬಿಟ್ಟರೆ, ಆಗದಿದ್ದರೂ ಬೀದಿಗೆ ಗೊತ್ತಾಗುವುದಿಲ್ಲ. ಅಮ್ಮ ಕೈ ಮುಗಿದು ಮೇಲೆ ನೋಡಿದಳು. ಕಿರಾಣಿ ಅಂಗಡಿ ತಪ್ಪಿತು ಎಂದು ನಾನೂ ನಿಟ್ಟುಸಿರು ಬಿಟ್ಟೆ.

ಶನಿವಾರ ಸಂಜೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು.

“ಮಾತ್ರೆ ತಗೊಂಡ್ರೆ ಅವ್ಳ ಕೈ ನಡುಗ್ತೈತೆ. ಕಣ್ ರೆಪ್ಪೆ ಬೇರೆ ತೂಕಡಿಸ್ದಂಗೆ ಜೋತು ಬೀಳ್ತೈತೆ. ನೋಡೋರು ಏನಂದ್ಕೋತಾರೆ?” ಅಂದಳು.

“ಅದ್ಕೇನ್ ಮಾಡಣ ಅಂತೀಯಾ?”

“ಇವತ್ ರಾತ್ರೀದು, ನಾಳೆ ಬೆಳಿಗ್ಗೇದು. ಎರಡ್ ವೇಳೆ ತಾನೆ.”

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಒಂದೆರಡು ನಿಮಿಷ ಗೊಣಗಿದೆ, ಅಷ್ಟೆ. ರಾತ್ರಿ ಊಟವಾದ ಮೇಲೆ ತಂಗಿ ಎಂದಿನಂತೆ ಅಂಗೈ ಚಾಚಿದಾಗ, ಇವತ್ತೂ ನಾಳೆ ಬೆಳಿಗ್ಗೆಯೂ ಬೇಡ ಅಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಡಾಕ್ಟ್ರನ್ನ ಕೇಳಿದ್ಯಾ ಅಣ್ಣಾ?”

“ಕೇಳ್ದೆ. ಫೋನ್ ಮಾಡಿ ಕೇಳ್ದೆ. ಎರಡ್ ವೇಳೆ ಬಿಟ್ರೆ ಪರವಾಯಿಲ್ಲ ಅಂದ್ರು.”

ನಾನು ಯಾವ ಡಾಕ್ಟರನ್ನೂ ಕೇಳಿರಲಿಲ್ಲ. ಅವಳು ನನ್ನ ಮಾತು ನಂಬಿ ಹೋಗಿ ಮಲಗಿದಳು. ಥೂ, ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಮ್ಮ ಬೆಳಿಗ್ಗೆ ಇನ್ನೊಂದು ಕಟ್ಟುಪಾಡು ಹಾಕಿದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆಯ ರೂಢಿ. ಅದರಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಎಷ್ಟು ಸಲ ಬೈದಿದ್ದರೂ ಅಮ್ಮನ ಸೊಂಟದಲ್ಲಿ ಯಾವಾಗಲೂ ಬೀಗದ ಕೈ ಗೊಂಚಲು ನೇತಾಡುತ್ತಿತ್ತು. ತಂಗಿಯ ಮುಖ ಸ್ವಲ್ಪ ಬದಲಾದರೂ ಅದು ಅವಳ ಮುಷ್ಟಿಯೊಳಗೆ ಇರುತ್ತಿತ್ತು. ಅವತ್ತು ಅಮ್ಮ ಆ ಗೊಂಚಲನ್ನು ತೆಗೆದು ದೇವರ ಗೂಡಿನಲ್ಲಿಟ್ಟಳು.

“ಬರಲ್ಲ. ಅಕಸ್ಮಾತ್ ಬಂತು ಅಂತಿಟ್ಕೋ, ಯಾರೂ ಸಾವಿ ತೆಗೀಬಾರ್ದು. ತೆಗೆದ್ರೆ ಇವ್ರಿಗೆ ಅಭ್ಯಾಸ ಐತೆ ಅಂತ ಗೊತ್ತಾಗೋಗ್ತದೆ. ಇದೇ ಮೊದಲ್ನೆ ಸಲ ನೋಡೋರಂಗೆ ಇರ್ಬೇಕು. ಗೊತ್ತಾಯ್ತಾ?” ಅಂದಳು. ಸಾವಿ ಎಂದರೆ ಬೀಗದ ಕೈ. ಆ ಮಾತಿಗೆ ನಾವು ತಮಿಳನ್ನೇ ಬಳಸುತ್ತೇವೆ. ತಂಗಿ ಕನ್ನಡಿಯ ಮುಂದೆ ಹೂವು ಮುಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. “ನಾನೂ ಮೊದಲ್ನೆ ಸಲ ಬೀಳೋಳಂಗೆ ಬೀಳ್ಲಾ ಅಮ್ಮಾ?” ಎಂದು ನಕ್ಕಳು. ಅಮ್ಮ ಅವಳ ತಲೆಗೆ ಮೊಟಕಿದಳು.

ಭಾನುವಾರ ಹನ್ನೆರಡರಿಂದ ಒಂದೂವರೆ ಯಮಗಂಡ. ಅದು ಕಳೆದ ಮೇಲೇ ಹುಡುಗನ ಮುಖ ನೋಡಬೇಕು ಎಂದು ಅಮ್ಮ ಹಟ ಹಿಡಿದಿದ್ದಳು. ಒಂದೂವರೆಗೆ ಸರಿಯಾಗಿ ಹೋಟೆಲಿನ ಮೆಟ್ಟಿಲು ಹತ್ತಿದರೆ, ಅಯ್ಯೋ, ಅಲ್ಲಿ ಜಾತ್ರೆ. ಇಡೀ ಸೇಲಮ್ಮಿಗೆ ಒಟ್ಟಿಗೇ ವಿಯೆಟ್ನಾಂ ಹಸಿವು ಹುಟ್ಟಿದ ಹಾಗಿತ್ತು. ಬಾಗಿಲಲ್ಲಿ ಕಾಗದದ ಬುಟ್ಟಿದೀಪಗಳು, ಗೋಡೆಯ ಮೇಲೆ ದೋಣಿಯ ಚಿತ್ರ, ಅದರ ಮುಂದೆ ಈಚಲು ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಸಂಸಾರಗಳು. ಭಾನುವಾರ ಮುಂಗಡ ಬುಕಿಂಗ್ ಇಲ್ಲವಂತೆ. ಟೋಕನ್ ಕೊಟ್ಟು ಹೊರಗೆ ನಿಲ್ಲಿಸಿದರು. ಜೀವಮಾನವೆಲ್ಲ ಜನರನ್ನು ಕ್ಯೂನಲ್ಲಿ ನಿಲ್ಲಿಸಿದವನಿಗೆ ತಕ್ಕ ಶಾಸ್ತಿ ಅಂದುಕೊಂಡೆ.

ಹುಡುಗನ ಕಡೆಯಿಂದಲೂ ಮೂವರು ಬಂದಿದ್ದರು: ಹುಡುಗ, ಅವನ ತಾಯಿ, ಅವನ ಚಿಕ್ಕಮ್ಮ. ಚಿಕ್ಕಮ್ಮ ನರ್ಸ್ ಎಂದು ಅಲ್ಲಿ ನಿಂತಾಗಲೇ ಗೊತ್ತಾಗಿದ್ದು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ತಂಗಿ ಮಾತ್ರ ಆ ಚಿಕ್ಕಮ್ಮನ ಜೊತೆ ಶಾಲೆಯ ಮಕ್ಕಳ ವಿಷಯ ಹೇಳುತ್ತಾ ಚೆನ್ನಾಗಿ ನಗುತ್ತಿದ್ದಳು.

ಒಂದು ಗಂಟೆ ಕಾಲ ನಿಂತೇ ಇದ್ದೆವು. ತಂಗಿ ಬೆಳಿಗ್ಗೆ ಒಂದು ಇಡ್ಲಿ ತಿಂದಿದ್ದಳು, ರೇಷ್ಮೆ ಸೀರೆಯಲ್ಲಿ ಹೊಟ್ಟೆ ಕಾಣುತ್ತದೆ ಎಂದು ಅಮ್ಮ ಎರಡನೆಯದು ಹಾಕಿರಲಿಲ್ಲ. ಹಸಿದಿರಬಾರದು, ನಿದ್ದೆ ಕೆಡಬಾರದು, ಮಾತ್ರೆ ತಪ್ಪಬಾರದು ಎಂದು ಡಾಕ್ಟರು ಹೇಳುತ್ತಿದ್ದದ್ದು ಮೂರೇ ವಿಷಯ. ಮೂರನ್ನೂ ಒಂದೇ ದಿನದಲ್ಲಿ ಮುರಿದಿದ್ದೆವು. ರಾತ್ರಿ ಅವಳು ಹೊರಳಾಡುತ್ತಿದ್ದದ್ದು ನನಗೆ ಕೇಳಿಸಿತ್ತು.

ಕೊನೆಗೆ ನಮ್ಮ ನಂಬರ್ ಕೂಗಿದರು. ಒಳಗೆ ಕಿವಿ ಕಿತ್ತುಹೋಗುವ ಗಲಾಟೆ. ಚಕ್ರಮೊಗ್ಗು ಹಾಕಿ ಗಂಟೆಗಟ್ಟಲೆ ಕುದಿಸಿದ ಕೋಳಿ ಸಾರಿನ ವಾಸನೆ, ಬಟ್ಟಲು ತಟ್ಟೆಗಳ ಸದ್ದು, ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ. ಹುಡುಗನೇ ಎಲ್ಲರಿಗೂ ಹೇಳಿ ತರಿಸಿದ. ಮೊದಲು ಬಂದದ್ದು ತೆಳುವಾದ ಅಕ್ಕಿ ಹಾಳೆಯಲ್ಲಿ ಸುತ್ತಿದ ಸುರುಳಿಗಳು. ಒಳಗಿನ ಸೊಪ್ಪು, ಸೀಗಡಿ ಎಲ್ಲ ಹೊರಗೆ ಕಾಣುತ್ತಿತ್ತು.

“ನಮ್ ಜವ್ವರಿಸಿ ಅಪ್ಪಳ ಒಣಗಾಕೆ ಮುಂಚೆ ಇರ್ತೈತಲ್ಲ, ಅಂಗೈತೆ,” ಅಂದಳು ತಂಗಿ.

“ಕರೆಕ್ಟ್! ಇದ್ರಲ್ಲೂ ಮರಗೆಣಸಿನ್ ಇಟ್ಟು ಬೆರೆಸ್ತಾರೆ. ಅಲ್ಲಿಗ್ ಓದ್ಮೇಲೆ ನನಗ್ ಗೊತ್ತಾಗಿದ್ದು. ನೀವು ನೋಡ್ದೇಟ್ಗೇ ಏಳ್ಬಿಟ್ರಿ,” ಅಂದ ಹುಡುಗ. ಅವನ ಮುಖ ಅರಳಿತು. ನನಗೆ ಅವನು ಹಿಡಿಸಿದ. ನಿಜವಾಗಿ ಹಿಡಿಸಿದ.

ಆಮೇಲೆ ದೊಡ್ಡ ದೊಡ್ಡ ಬಟ್ಟಲುಗಳಲ್ಲಿ ಸಾರು ಬಂತು. ಅದರೊಳಗೆ ಅಕ್ಕಿ ಶಾವಿಗೆ, ಕೋಳಿ. ಪಕ್ಕದಲ್ಲಿ ಹಸಿ ಮೊಳಕೆ ಕಾಳು, ಪುದೀನ, ನಿಂಬೆಹೋಳು. ನಮ್ಮಮ್ಮ ಶಾವಿಗೆಯನ್ನು ಯಾವ ಕಡೆಯಿಂದ ಹಿಡಿಯುವುದೆಂದು ತಿಳಿಯದೆ ಚಮಚದಲ್ಲಿ ಸಾರನ್ನಷ್ಟೇ ಕುಡಿದು, “ಮೆಣಸಿನ್ ಸಾರಿಗ್ ಒಗ್ಗರಣೆ ಮರ್ತೋದಂಗೈತೆ,” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಹುಡುಗ ತಂಗಿಗೆ ಎರಡು ಕಡ್ಡಿಗಳನ್ನು ಬೆರಳ ಸಂದಿಯಲ್ಲಿ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟ. ಅವಳು ಹಿಡಿದಳು. ಕೈ ನಡುಗಲಿಲ್ಲ. ಒಂದೇ ಒಂದು ಶಾವಿಗೆ ಎಳೆಯನ್ನು ಎತ್ತಿ ಬಾಯಿಗಿಟ್ಟುಕೊಂಡಳು. ಹುಡುಗನ ತಾಯಿ ನಕ್ಕಳು. ಅಮ್ಮ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದಳು, ನೋಡಿದ್ಯಾ ಅನ್ನುವ ಹಾಗೆ.

ಅಷ್ಟರಲ್ಲಿ ಹುಟ್ಟುಹಬ್ಬದ ಮೇಜಿನವರು ಹಾಡತೊಡಗಿದರು. ಹೋಟೆಲಿನವರು ದೀಪಗಳನ್ನು ಪಟಪಟನೆ ಆರಿಸಿ ಹಚ್ಚಿದರು. ತಂಗಿಯ ಕೈಯ ಕಡ್ಡಿ ನಿಂತಿತು. ಅವಳ ಎಡಗಣ್ಣು ಪಕ್ಕಕ್ಕೆ ಎಳೆಯಿತು. ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು. ಹದಿನೇಳು ವರ್ಷ ನೋಡಿದ್ದೇನೆ. ಆ ಗಳಿಗೆಯಲ್ಲಿ ಎದ್ದು ಅವಳ ಹಿಂದೆ ನಿಂತು, ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ನೆಲಕ್ಕಿಳಿಸಿದರೆ ಪೆಟ್ಟಾಗುವುದಿಲ್ಲ. ಎಷ್ಟು ಸಲ ಹಾಗೆ ಮಾಡಿದ್ದೇನೆ! ಅವತ್ತು ನಾನು ಕೂತಲ್ಲೇ ಕೂತೆ. ಮೊದಲನೇ ಸಲ ನೋಡುವವನು ಏನು ಮಾಡುತ್ತಾನೋ ಅದನ್ನು ಮಾಡಿದೆ.

ಅವಳು ಕಿರುಚಿ ಸೆಟೆದುಕೊಂಡು ಕುರ್ಚಿಯ ಸಮೇತ ಪಕ್ಕಕ್ಕೆ ಬಿದ್ದಳು. ತಲೆ ನೆಲಕ್ಕೆ ಬಡಿದ ಸದ್ದು ಆ ಗಲಾಟೆಯಲ್ಲೂ ಕೇಳಿಸಿತು. ಬಟ್ಟಲು ಉರುಳಿ ಸಾರು ಮೇಜಿನ ಮೇಲೆಲ್ಲ ಹರಿಯಿತು. ಆಗ ಅಮ್ಮ ಎದ್ದು, “ಅಯ್ಯೋ ಏನಾಯ್ತು! ನನ್ ಮಗಳಿಗೇನಾಯ್ತು!” ಎಂದು ಬಾಯಿ ಬಡಿದುಕೊಂಡಳು. ನಾನೂ “ಏನಾಯ್ತು, ಏನಾಯ್ತು” ಎಂದು ಕೂಗಿದೆ. ನಮ್ಮಿಬ್ಬರ ಆ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ.

ಜನ ಸುತ್ತ ಮುಗಿಬಿದ್ದರು. “ಸಾವಿ ಕುಡುಂಗ, ಸಾವಿ!” ಎಂದು ಯಾರೋ ತಮ್ಮ ಬೈಕಿನ ಕೀಯನ್ನೇ ಅವಳ ಕೈಗೆ ತುರುಕಲು ಬಂದರು. ಅಮ್ಮನ ಕೈ ತಂತಾನೇ ಸೊಂಟಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ, ಸೆರಗು ಹಿಡಿದುಕೊಂಡಿತು. ಚಿಕ್ಕಮ್ಮ ಎಲ್ಲರನ್ನೂ ತಳ್ಳಿ ಕೆಳಗೆ ಕೂತಳು. ತಂಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿದಳು, ತಲೆಯ ಕೆಳಗೆ ತನ್ನ ಕೈಚೀಲ ಇಟ್ಟಳು, ವಾಚು ನೋಡುತ್ತಾ ಕೂತಳು. ನಾನು ಮಾಡಬೇಕಾಗಿದ್ದನ್ನೆಲ್ಲ ಆಕೆ ಒಂದೊಂದಾಗಿ ಮಾಡಿದಳು. ತಂಗಿಗೆ ಮೂತ್ರ ಹೋಗಿ ಬಟ್ಟೆ ಒದ್ದೆಯಾದದ್ದನ್ನು ನೋಡಿ ಅಮ್ಮ ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಕೈ ತಾಗಿದಂತೆ ಮಾಡಿ ಅವಳ ಸೀರೆಯ ಮೇಲೆ ಬೀಳಿಸಿದಳು. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಅಮ್ಮನಿಗೆ ಅಷ್ಟು ಚುರುಕು ಎಲ್ಲಿಂದ ಬಂತೋ.

ಅದುರಾಟ ನಿಂತ ಮೇಲೆ ಚಿಕ್ಕಮ್ಮ ತಲೆ ಎತ್ತಿ ನನ್ನನ್ನೇ ನೋಡಿ ಕೇಳಿದಳು.

“ತಮ್ಮಾ, ಮುಂಚೆ ಬಂದಿತ್ತಾ? ಮಾತ್ರೆ ಏನಾದ್ರೂ ತಗೋತಾಳಾ? ನಿಜ ಏಳಪ್ಪಾ. ಗೊತ್ತಿರೋದಾದ್ರೆ ಒಂಥರ ನೋಡ್ತಾರೆ, ಮೊದಲ್ನೇದಾದ್ರೆ ಒಂಥರ.”

“ಇಲ್ಲ. ಇದೇ ಮೊದ್ಲು,” ಅಂದೆ.

“ಬೆಳಿಗ್ಗಿಂದ ಏನೂ ತಿಂದಿಲ್ಲ ತಾಯೀ, ಪಸಿ ಮಯಕ್ಕ,” ಅಂದಳು ಅಮ್ಮ. ಹಸಿವಿಗೆ ತಲೆಸುತ್ತು ಬಂದಿದೆ ಎಂದು.

ಸಾರು ಚೆಲ್ಲಿದ ನೆಲದ ಮೇಲೆ ಎಲ್ಲರೂ ನಿಂತೇ ಇದ್ದೆವು. ಹುಡುಗ ತನ್ನ ಅಂಗಿಯ ಮೇಲಿನ ಶಾವಿಗೆಯನ್ನೂ ಒರೆಸಿಕೊಳ್ಳದೆ ಆಂಬುಲೆನ್ಸಿಗೆ ಫೋನ್ ಮಾಡಲೇ ಎಂದು ಎರಡು ಸಲ ಕೇಳಿದ. ಬೇಡ, ಬೇಡ ಎಂದೆವು ನಾವಿಬ್ಬರೂ ಒಟ್ಟಿಗೆ. ಆಸ್ಪತ್ರೆಗೆ ಹೋದರೆ ಚೀಟಿ ಕೇಳುತ್ತಾರೆ, ಹಳೆಯದೆಲ್ಲ ಹೊರಗೆ ಬೀಳುತ್ತದೆ.

ತಂಗಿ ಕಣ್ಣು ತೆರೆಯಲು ಐದಾರು ನಿಮಿಷ ಹಿಡಿಯಿತು. ಫಿಟ್ಸ್ ಬಂದು ಹೋದ ಮೇಲೆ ಅವಳಿಗೆ ಯಾವ ಊರು, ಯಾವ ವೇಳೆ, ಎದುರಿಗಿರುವವರು ಯಾರು ಎಂದು ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ಗೊತ್ತಿರುವುದು ಒಂದೇ. ಆ ಮುಖಗಳ ನಡುವೆ ಹುಡುಕಿ ಹುಡುಕಿ ನನ್ನ ಮುಖ ಸಿಕ್ಕಿತು ಅವಳಿಗೆ. ಕಚ್ಚಿಕೊಂಡ ನಾಲಿಗೆಯಿಂದ ರಕ್ತ ಗಲ್ಲಕ್ಕೆ ಇಳಿದಿತ್ತು. ಮಲಗಿದಲ್ಲೇ ಅಂಗೈ ನನ್ನ ಕಡೆ ಚಾಚಿದಳು.

“ಅಣ್ಣಾ, ಮಾತ್ರೆ.”

ಮಾತ್ರೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಒಂದು ತೆಳು ಬಟ್ಟೆಯ ಆಚೆ. ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹುಡುಗ ನೋಡುತ್ತಿದ್ದ. ಚಿಕ್ಕಮ್ಮ ನೋಡುತ್ತಿದ್ದಳು.

“ಯಾವ ಮಾತ್ರೆ?” ಅಂದೆ.

ತಂಗಿಗೆ ಅರ್ಥವಾಗಲಿಲ್ಲ. ಕೈ ಹಾಗೇ ಚಾಚಿಕೊಂಡಿದ್ದಳು. ಬಹಳ ಹೊತ್ತೇನಲ್ಲ. ಆಮೇಲೆ ಅವಳ ಕಣ್ಣು ಒಂದೊಂದನ್ನೇ ನೋಡುತ್ತಾ ಬಂತು: ಚಿಕ್ಕಮ್ಮನನ್ನು, ಉರುಳಿದ ಕುರ್ಚಿಯನ್ನು, ಹುಡುಗನನ್ನು, ತನ್ನ ಒದ್ದೆ ಸೀರೆಯನ್ನು, ಅಮ್ಮನ ಮುಖವನ್ನು. ತಾನು ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತಾ ಹೋದದ್ದನ್ನು ನಾನು ನಿಂತು ನೋಡಿದೆ. ಅವಳು ಕೈಯನ್ನು ಮೆಲ್ಲಗೆ ಎಳೆದುಕೊಂಡು ಹಣೆಯ ಮೇಲೆ ಇಟ್ಟುಕೊಂಡಳು.

“ತಲೆನೋವಿಂದು ಅಕ್ಕಾ,” ಅಂದಳು ಚಿಕ್ಕಮ್ಮನಿಗೆ. ನಾಲಿಗೆ ತೊಡರುತ್ತಿತ್ತು. “ಬೆಳಿಗ್ಗಿಂದ ತಲೆನೋವು. ತಲೆನೋವಿನ್ ಮಾತ್ರೆ ಕೇಳ್ದೆ.”

ಚಿಕ್ಕಮ್ಮ ಅವಳ ಗಲ್ಲದ ರಕ್ತವನ್ನು ಟಿಶ್ಯೂ ಕಾಗದದಲ್ಲಿ ಒರೆಸಿದಳು. ನನ್ನನ್ನು ಇನ್ನೊಂದು ಸಲ ನೋಡಿದಳು. ಹದಿನೇಳು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಹುಡುಗ ತನ್ನ ಕಾರಿನಲ್ಲಿ ಮನೆಗೆ ಬಿಡುತ್ತೇನೆ ಎಂದು ಕೇಳಿಕೊಂಡ. ನಮ್ಮ ಬೀದಿ, ಆ ಕಿರಾಣಿ ಅಂಗಡಿ ನೆನಪಾಗಿ, ಆಟೋ ಹೇಳಿದ್ದೇವೆ ಎಂದು ಅಮ್ಮ ಸುಳ್ಳು ಹೇಳಿದಳು. ತಂಗಿಯನ್ನು ಇಬ್ಬರೂ ಹಿಡಿದುಕೊಂಡು ಕೆಳಗಿಳಿದೆವು. ಟೋಕನ್ ಹಿಡಿದು ನಿಂತವರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ನಮ್ಮ ಮೇಜನ್ನು ಆಗಲೇ ಒರೆಸಿ ಬೇರೆ ನಂಬರ್ ಕೂಗುತ್ತಿದ್ದರು. ಹುಡುಗನ ಕಡೆಯವರೂ ಹೊರಟರು, ಅವನ ತಾಯಿ ಅಮ್ಮನ ಕೈ ಹಿಡಿದು “ಚೆನ್ನಾಗ್ ಊಟ ಆಕಿ ಮಗಳಿಗೆ” ಅಂದಳು. ಹುಡುಗ ಕಾರಿನ ಬಾಗಿಲಲ್ಲಿ ನಿಂತು ತಂಗಿಗೆ ಕೈ ಎತ್ತಿದ. ಅವಳು ಅವನಿಗೆ ತಲೆ ಆಡಿಸಿದಳು.

ಅವರ ಕಾರು ಮುಖ್ಯರಸ್ತೆಗೆ ತಿರುಗಿ ಮರೆಯಾಗುವವರೆಗೆ ನಾನು ಜೇಬಿಗೆ ಕೈ ಹಾಕಲಿಲ್ಲ. ಅಷ್ಟು ಹೊತ್ತೂ ಕಾದೆ. ಇನ್ನೊಂದು ಸಲ ಬಂದಿದ್ದರೆ ಅಲ್ಲೇ ರಸ್ತೆಯ ಮೇಲೇ ಬೀಳುತ್ತಿದ್ದಳು, ಆದರೂ ಕಾದೆ. ಆಮೇಲೆ ಮೆಟ್ಟಿಲ ಮೇಲೆ ಕೂರಿಸಿ ಮಾತ್ರೆ ಬಿಡಿಸಿಕೊಟ್ಟೆ. ಅಮ್ಮ ನೀರು ತರಲು ಎದುರಿನ ಅಂಗಡಿಗೆ ಓಡಿದಳು. ತಂಗಿ ನೀರಿಗೆ ಕಾಯದೆ ಹಾಗೇ ನುಂಗಿದಳು. ಊದಿದ ನಾಲಿಗೆಯಲ್ಲಿ ಅದು ಇಳಿಯುವುದಕ್ಕೆ ಕಷ್ಟವಾಯಿತು, ಕಣ್ಣಲ್ಲಿ ನೀರು ಬಂತು. ಮೂರು ವರ್ಷ ಅವತ್ತಿಗೆ ಮಣ್ಣುಪಾಲಾಗಿತ್ತು, ಲೆಕ್ಕ ಮತ್ತೆ ಮೊದಲಿನಿಂದ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ನನ್ನನ್ನು ಬಯ್ಯಲಿ ಎಂದು ಕಾದೆ. ಡಾಕ್ಟರು ನಿಜವಾಗಿ ಹಾಗೆ ಅಂದರಾ ಎಂದು ಕೇಳಲಿ, ಆಗ ಎಲ್ಲ ಹೇಳಿಬಿಡೋಣ ಅಂದುಕೊಂಡೆ. ಅವಳು ನನ್ನ ಭುಜಕ್ಕೆ ತಲೆಯಾನಿಸಿ, ಅಮ್ಮನಿಗೆ ಕೇಳಿಸದ ಹಾಗೆ, ಕೇಳಿದ್ದು ಇದನ್ನು:

“ತಲೆನೋವು ಅಂತ ನಾನ್ ಸರಿಯಾಗ್ ಏಳಿದ್ನಾ ಅಣ್ಣಾ?”

ಹೂಂ ಅಂದೆ.